ವಂಶವೃಕ್ಷದಲ್ಲಿ ದೇವರು: ಇದು ಇಂಟರ್‌ನೆಟ್ ಹುಚ್ಚಲ್ಲ

ಸಂಪಾದಕರೇ,

ಐರ್ಲೆಂಡ್, ವೇಲ್ಸ್ ಮೂಲದವರು ತಮ್ಮ ವಂಶವನ್ನು ಸೆಲ್ಟಿಕ್ (ಅಂದರೆ ಆ ನಾಡುಗಳ ಪ್ರಾಚೀನ) ರಾಜರು, ದೇವರುಗಳ ತನಕ ಎಳೆದುಕೊಂಡು ಹೋಗುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಬರೆದವರು ಇದನ್ನು ಇಂಟರ್‌ನೆಟ್ ಹುಚ್ಚು ಅಂತ ನಕ್ಕು ಮುಗಿಸಿಬಿಟ್ಟಿದ್ದಾರೆ. ಅಲ್ಲ ಸ್ವಾಮಿ, ಈ ಹುಚ್ಚಿಗೆ ಸಾವಿರ ವರ್ಷ ವಯಸ್ಸು. ಅದೂ ಸುಮ್ನೆ ಹತ್ತಿದ್ದಲ್ಲ, ಲೆಕ್ಕ ಹಾಕಿ ಹತ್ತಿಸಿಕೊಂಡದ್ದು.

ವೇಲ್ಸ್‌ನಲ್ಲಿ 10ನೇ ಶತಮಾನದಲ್ಲಿ ಒವೈನ್ ಎಂಬ ರಾಜನ ವಂಶಾವಳಿ ಬರೆದರು. ಅದರ ಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇವನು ಅವನ ಮಗ, ಅವನು ಇನ್ನೊಬ್ಬನ ಮಗ ಅಂತ ಹತ್ತುತ್ತಾ ಹೋಗಿ ಕೊನೆಗೆ ಬೆಲಿ ಎಂಬ ದಂತಕಥೆಯ ರಾಜನನ್ನು ಮುಟ್ಟುತ್ತಾರೆ, ಈತ ಮೂಲದಲ್ಲಿ ದೇವರೇ ಇದ್ದಿರಬೇಕು ಅಂತ ಕೆಲವು ವಿದ್ವಾಂಸರ ಊಹೆ. ಅಷ್ಟಕ್ಕೂ ಸಮಾಧಾನ ಇಲ್ಲ. ಬೆಲಿಯ ತಾಯಿ ಅನ್ನಾ, ಆಕೆ ಯೇಸುವಿನ ತಾಯಿ ಮರಿಯಳ ಸಂಬಂಧಿ 'ಅಂತ ಹೇಳುತ್ತಾರೆ' ಎಂದು ಸೇರಿಸಿದ್ದಾರೆ. ಆ 'ಅಂತ ಹೇಳುತ್ತಾರೆ' ನನಗೆ ಬಹಳ ಇಷ್ಟ. ಬರೆದವನಿಗೇ ಪೂರ್ತಿ ನಂಬಿಕೆ ಇರಲಿಲ್ಲ, ಅಲ್ವಾ?

ಐರ್ಲೆಂಡ್‌ನ ಕಥೆ ಇನ್ನೂ ಮಜಾ. ಯುದ್ಧದಲ್ಲಿ ಕೈ ಕಳೆದುಕೊಂಡು ಬೆಳ್ಳಿ ಕೈ ಹಾಕಿಸಿಕೊಂಡ ನುವಾದನಂಥ ಹಳೆಯ ದೇವರುಗಳನ್ನು ಕ್ರೈಸ್ತ ಬರಹಗಾರರು ದೇವರು ಅಂತ ಉಳಿಸಿಕೊಳ್ಳುವ ಹಾಗಿರಲಿಲ್ಲ, ಬಿಸಾಡೋದಕ್ಕೂ ಮನಸ್ಸಿರಲಿಲ್ಲ. ಹಾಗಾಗಿ ಹಿಂದಿನ ಕಾಲದ ರಾಜರನ್ನಾಗಿ ಮಾಡಿಬಿಟ್ಟರು. 11ನೇ ಶತಮಾನದ ಹೊತ್ತಿಗೆ ಐರಿಷ್ ಜನರ ಇಡೀ ವಂಶ ಬೈಬಲ್‌ನ ಪ್ರಳಯ ಕಥೆಯ ನೋಹನ ತನಕ ಹೋಗಿತ್ತು. ಗದ್ದುಗೆಗೆ ಇದೆಲ್ಲ ಬೇಕಿತ್ತು. ಪಕ್ಕದ ಸ್ಕಾಟ್ಲೆಂಡ್‌ನಲ್ಲೂ ಅಷ್ಟೇ: 1249ರಲ್ಲಿ ಅಲ್ಲಿನ ಸ್ಕೋನ್‌ನಲ್ಲಿ 3ನೇ ಅಲೆಕ್ಸಾಂಡರ್ ಪಟ್ಟಕ್ಕೆ ಬಂದಾಗ 7 ವರ್ಷದ ಹುಡುಗ. ಆಗ ಒಬ್ಬ ಮುದುಕ ಮುಂದೆ ಬಂದು ಗೇಲಿಕ್ ಭಾಷೆಯಲ್ಲಿ ಅವನ ಪೂರ್ವಜರ ಹೆಸರುಗಳನ್ನು ಒಂದೊಂದಾಗಿ ಹೇಳಿದನಂತೆ. ಅಷ್ಟು ಚಿಕ್ಕ ಹುಡುಗನಿಗೆ ಆ ಪಟ್ಟಿ ಬಿಟ್ಟರೆ ಬೇರೆ ಬಲ ಏನಿತ್ತು?

ನನ್ನ ತಕರಾರು ಇರೋದು ಈಗಿನ ಆನ್‌ಲೈನ್ ವಂಶವೃಕ್ಷಗಳ ಮೇಲೆ. ಯಾರೋ ಹಾಕಿದ ಹೆಸರನ್ನು ಇನ್ಯಾರೋ ಒಂದು ಕ್ಲಿಕ್‌ನಲ್ಲಿ ಎತ್ತಿಕೊಳ್ಳುತ್ತಾರೆ. ಬೆಲಿಗೆ ಹುಟ್ಟಿದ ವರ್ಷವನ್ನೂ ಹಾಕುತ್ತಾರೆ! ಹಳೆಯ ಬರಹಗಾರನಿಗಿದ್ದ ಅನುಮಾನವೂ ಇಲ್ಲಿ ಮಾಯ. ಮರದಲ್ಲಿ ಬೆಲಿ ಇರಲಿ, ನುವಾದನೂ ಇರಲಿ, ನಂಗೇನೂ ಬೇಜಾರಿಲ್ಲ. ಆದರೆ ದಾಖಲೆ ಎಲ್ಲಿ ಮುಗಿಯಿತು, ಕಥೆ ಎಲ್ಲಿ ಶುರುವಾಯಿತು ಅಂತ ಒಂದು ಗೆರೆ ಎಳೆಯಲಿ.

ಐರ್ಲೆಂಡ್‌ನ ಸಾಮಾನ್ಯ ಕುಟುಂಬಗಳಿಗೆ ಆ ಗೆರೆ ತೀರಾ ಹತ್ತಿರದಲ್ಲೇ ಬರುತ್ತದೆ. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟುಹೋದಾಗ 1821ರಿಂದ 1851ರ ತನಕದ ಜನಗಣತಿ ಕಾಗದಗಳೂ ಬಹುಪಾಲು ಬೂದಿಯಾದವು. ಬೇರೆ ಕಡೆ ಉಳಿದ ಪ್ರತಿಗಳನ್ನು ಸೇರಿಸಿ 2022ರಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಮುಂದಿನ ಪುರವಣಿಯಲ್ಲಿ ಅದರ ಬಗ್ಗೆ ಒಂದು ಬರಹ ಹಾಕ್ತೀರಾ?

– ಒಬ್ಬ ಓದುಗ