ಆಯಿಲ್ ತುಂಬಿಸಿದರೆ ಸೋರಿಕೆ ನಿಲ್ಲದು

ಮಾನ್ಯ ಸಂಪಾದಕರೇ,

ವಾಹನ ನಿರ್ವಹಣೆ ಕುರಿತ ಬರಹಗಳಲ್ಲಿ ಪವರ್ ಸ್ಟೀರಿಂಗ್‌ನ ವಿಚಾರ ಸಾಮಾನ್ಯವಾಗಿ ‘ಆಯಿಲ್ ಮಟ್ಟ ಇಳಿದಿದ್ದರೆ ತುಂಬಿಸಿ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಸಲಹೆ ಅರೆಬರೆಯಾದದ್ದು. ಪಂಪ್ ಒತ್ತಡ ಕೊಟ್ಟ ಆಯಿಲ್‌ನಿಂದ ನೆರವಾಗುವ ಹೈಡ್ರಾಲಿಕ್ ಸ್ಟೀರಿಂಗ್‌ನಲ್ಲಿ ಸುತ್ತುವ ಆಯಿಲ್, ಎಂಜಿನ್ ಆಯಿಲ್‌ನಂತೆ ಉರಿದು ಖರ್ಚಾಗುವಂಥದ್ದಲ್ಲ. ಅದರ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಸೋರುವ ಜಾಗವನ್ನು ಪತ್ತೆಹಚ್ಚುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮೇಲಿನ ಆಯಿಲ್ ಕೊಳವೆ, ಅಂದರೆ ಹೋಸ್‌ನ ಜೋಡಣೆಯಲ್ಲಿ ಜಿನುಗಿದ ಆಯಿಲ್ ಪಂಪಿನ ಮೈಮೇಲೆ ಇಳಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ಏನೂ ಕೆಡದ ಪಂಪನ್ನೇ ಬದಲಾಯಿಸಿದ ನಿದರ್ಶನಗಳು ಕಡಿಮೆಯೇನಲ್ಲ. ಮೊದಲು ಜಿಡ್ಡನ್ನೆಲ್ಲ ತೊಳೆದು ಒಣಗಿಸಿ, ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎರಡೂ ಬದಿಗೆ ತಿರುಗಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಪೂರ್ತಿ ತಿರುಗಿದ ತುದಿಯಲ್ಲಿ ಒತ್ತಡ ಅತಿ ಹೆಚ್ಚಾಗಿ ಆಯಿಲ್ ಬಿಸಿಯಾಗುವುದರಿಂದ, ಅಲ್ಲಿ ಕೆಲವೇ ಸೆಕೆಂಡುಗಳಿಗಿಂತ ಹೆಚ್ಚು ಹಿಡಿದಿಡಬಾರದು. ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳಾದ ರ್‍ಯಾಕ್‌ನ ತುದಿಯ ರಬ್ಬರ್ ಬೂಟ್ (ಧೂಳು ತಡೆಯುವ ಹೊದಿಕೆ) ಸಡಿಲಿಸಿದಾಗ ಒಳಗಿನಿಂದ ಆಯಿಲ್ ಸುರಿದರೆ ರ್‍ಯಾಕ್‌ನ ಒಳ ಸೀಲ್ (ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಭಾಗ) ಹೋಗಿದೆ ಎಂದು ತಿಳಿಯಬೇಕು. ಹೊರಗೆ ಒಂದು ಹನಿಯೂ ಕಾಣದೆ, ಆಯಿಲ್ ತುಂಬಿಡುವ ಡಬ್ಬಿಯಲ್ಲಿ ನೊರೆ ಎದ್ದು ಪಂಪ್ ಕುಂಯ್‌ಗುಡುತ್ತಿದ್ದರೆ, ಪಂಪಿಗೆ ಆಯಿಲ್ ಎಳೆದುಕೊಳ್ಳುವ ಕಡೆಯ ಓ-ರಿಂಗ್ (ರಬ್ಬರ್ ಬಳೆ) ಅಥವಾ ಕ್ಲಾಂಪ್ (ಬಿಗಿಪಟ್ಟಿ) ಸಡಿಲವಾಗಿ ಗಾಳಿ ನುಗ್ಗುತ್ತಿರುವ ಸಂಭವ ಹೆಚ್ಚು.

ಡಬ್ಬಿಗೆ ಮರಳುವ ಹೋಸ್‌ನಲ್ಲಿ ಒತ್ತಡ ಕಡಿಮೆ. ಅಲ್ಲಿ ಹೊಸ ಕ್ಲಾಂಪ್ ಸಾಕಾಗಬಹುದು. ಪಂಪಿನಿಂದ ಹೊರಡುವ ಹೋಸ್‌ನ ಮಾತು ಬೇರೆ. ಅದರೊಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದರ ಹತ್ತಾರು ಪಟ್ಟು ಏರುವುದರಿಂದ, ಟೇಪು, ಅಂಟುಗಳಿಂದ ಅದನ್ನು ತೇಪೆಹಾಕುವುದು ಅಪಾಯಕ್ಕೆ ಆಹ್ವಾನ. ಚಿಮ್ಮಿದ ಆಯಿಲ್ ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯೂ ಹತ್ತೀತು. ಸೋರಿಕೆ ನಿಲ್ಲಿಸುತ್ತವೆಂದು ಮಾರುವ ದ್ರಾವಣಗಳು ಗಡುಸಾದ ರಬ್ಬರನ್ನು ಉಬ್ಬಿಸಿ ಒಂದಷ್ಟು ಕಾಲ ಮರೆಮಾಚಬಹುದಷ್ಟೆ. ಹರಿದ ಸೀಲನ್ನು ಅವು ಕೂಡಿಸಲಾರವು.

ಯಾವ ಆಯಿಲ್ ಎಂಬ ಪ್ರಶ್ನೆಗೆ ಉತ್ತರ ವಾಹನದ ಕೈಪಿಡಿಯಲ್ಲಿ, ಎಷ್ಟೋ ಸಲ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಕೆಲವು ವಾಹನಗಳಿಗೆ ಡೆಕ್ಸ್‌ರಾನ್ ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್), ಇನ್ನು ಕೆಲವಕ್ಕೆ ಸಿಎಚ್‌ಎಫ್ 11ಎಸ್‌ನಂಥ ಸಿಂಥೆಟಿಕ್ ದ್ರವ, ಮತ್ತೆ ಕೆಲವಕ್ಕೆ ತಯಾರಕರದೇ ಆಯಿಲ್ ಬೇಕು. ಕೆಂಪು, ಹಸಿರು ಎಂಬುದು ಬೆರೆಸಿದ ಬಣ್ಣವೇ ಹೊರತು ದರ್ಜೆಯಲ್ಲ. ‘ಎಲ್ಲ ವಾಹನಗಳಿಗೂ ಸೂಕ್ತ’ ಎಂಬ, ಆಯಿಲ್ ಬಾಟಲಿಯ ಮೇಲಿನ ಬರಹವನ್ನೂ ನಾನು ನಂಬುವುದಿಲ್ಲ. ಬ್ರೇಕ್ ಆಯಿಲನ್ನಂತೂ ಇಲ್ಲಿಗೆ ಹಾಕಲೇಬಾರದು. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಮೂಲದ್ದಾದ್ದರಿಂದ ಸ್ಟೀರಿಂಗ್‌ನ ಸೀಲ್‌ಗಳನ್ನು ಕೆಡಿಸುತ್ತದೆ. ಕೈತಪ್ಪಿ ಸುರಿದಿದ್ದರೆ ಎಂಜಿನ್ ಚಾಲೂ ಮಾಡುವ ಮೊದಲೇ ಹೊರತೆಗೆಸಬೇಕು.

ರಿಪೇರಿಯ ನಂತರ ಮುಂದಿನ ಚಕ್ರಗಳನ್ನೆತ್ತಿ ಭದ್ರವಾಗಿ ನಿಲ್ಲಿಸಿ, ಎಂಜಿನ್ ಆರಿಸಿಟ್ಟು, ಆಯಿಲ್ ಮಟ್ಟ ಕಾಯ್ದುಕೊಳ್ಳುತ್ತ ಗುಳ್ಳೆ ನಿಲ್ಲುವವರೆಗೆ ಸ್ಟೀರಿಂಗನ್ನು ನಿಧಾನವಾಗಿ ಆಚೀಚೆ ತಿರುಗಿಸಿದರೆ ಗಾಳಿ ಹೊರಹೋಗುತ್ತದೆ. ಪೂರ್ಣ ವಿದ್ಯುತ್‌ಚಾಲಿತ ಸ್ಟೀರಿಂಗ್‌ನಲ್ಲಿ ಆಯಿಲೇ ಇಲ್ಲದ್ದರಿಂದ ಅದು ಇರುವವರಿಗೆ ಈ ಯಾವ ತಾಪತ್ರಯವೂ ಇಲ್ಲ.

ಗ್ಯಾರೇಜಿನವರಲ್ಲಿ ಒಂದು ಕೋರಿಕೆ: ಬಿಲ್ಲಿನಲ್ಲಿ ‘ಸ್ಟೀರಿಂಗ್ ಆಯಿಲ್’ ಎಂದಷ್ಟೇ ಬರೆಯದೆ ಅದರ ದರ್ಜೆಯನ್ನೂ ನಮೂದಿಸಿದರೆ, ಮುಂದೆ ಆ ವಾಹನವನ್ನು ನೋಡುವ ಮೆಕ್ಯಾನಿಕ್‌ಗೆ ಊಹಿಸುವ ಕೆಲಸ ತಪ್ಪುತ್ತದೆ.

ಇತಿ,
ಒಬ್ಬ ಓದುಗ