ಎಲ್ಲಿ ಉಣ್ಣುವುದು ಎಂದು ಕೇಳಿದ್ದೆಯಲ್ಲ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಹತ್ತು ದಿಕ್ಕಿನಿಂದ ಬಂದ ಜನ, ಅವರವರ ಅಡುಗೆ, ಅವರವರ ಒಗ್ಗರಣೆಯ ಘಮಲು ತುಂಬಿರುವ ಮಹಾನಗರಕ್ಕೆ ಹೋಗಿ ಎಂಟು ತಿಂಗಳಾಯಿತು. ಆದರೂ ರಜೆಯ ದಿನ ಒಂದು ಗಂಟೆ ಮೊಬೈಲ್ ತಡಕಾಡಿ, ಹಸಿವು ತಾಳಲಾರದೆ ಕೊನೆಗೆ ಮನೆಯ ಕೆಳಗಿನ ಅದೇ ಹೋಟೆಲಿಗೆ ಇಳಿಯುತ್ತೀಯಂತೆ! ಬೇಸರ ಬೇಡ, ನನ್ನ ಮೊದಲ ವರ್ಷವೂ ಹೀಗೇ ಕಳೆಯಿತು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಹಿರಿಯರು ಹೇಳುತ್ತಿದ್ದರು. ಈಗ ಊಟವನ್ನೂ ಪರರ ಕೈಗೆ ಕೊಟ್ಟು ಕುಳಿತಿದ್ದೇವೆ. ಹೋಟೆಲಿಗೆ ನಕ್ಷತ್ರ ಅಂಟಿಸುವ ಚಾಳಿಗೆ ಹೆಸರು ತಂದುಕೊಟ್ಟದ್ದು ಟೈರು ಮಾರುವವರು ಎಂಬುದು ಗೊತ್ತೇ? ಫ್ರಾನ್ಸಿನ ಮಿಶೆಲಿನ್ ಕಂಪನಿ 1900ರಲ್ಲಿ ಕಾರಿನವರಿಗಾಗಿ ಒಂದು ಕೈಪಿಡಿ ತಂದಿತು. ಜನ ಸುತ್ತಾಡಿದಷ್ಟೂ ಟೈರು ಸವೆಯುತ್ತದೆಯಲ್ಲ! ಊಟದ ನಕ್ಷತ್ರ ಬಂದದ್ದು 1926ರಲ್ಲಿ. ಎರಡು ನಕ್ಷತ್ರವೆಂದರೆ ದಾರಿ ಬಳಸಿಯಾದರೂ ಹೋಗಬಹುದು, ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು ಎಂದು ಅರ್ಥ. ಆ ಪರೀಕ್ಷಕರು ಗುರುತು ಹೇಳದೆ, ಬಿಲ್ಲು ಕೊಟ್ಟು ಉಣ್ಣುವವರು. ನಿನ್ನ ಮೊಬೈಲಿನ ನಕ್ಷತ್ರಕ್ಕೂ ಅದಕ್ಕೂ ಹೆಸರೊಂದೇ ಸಮಾನ. ಇದರಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಸಿಟ್ಟಾದವನೂ ಇದ್ದಾನೆ, ಮಾಲೀಕನ ಭಾವಮೈದುನನೂ ಇದ್ದಾನೆ.

ಹನ್ನೆರಡು ಜನ ಸೇರಿ 4.9 ಕೊಟ್ಟದ್ದಕ್ಕಿಂತ ಮೂರು ಸಾವಿರ ಜನ ಸೇರಿ 4.3 ಕೊಟ್ಟದ್ದನ್ನು ನಂಬಬಹುದು, ಅಷ್ಟು ನಿನಗೂ ಗೊತ್ತು. ನನಗೆ ತಡವಾಗಿ ಹೊಳೆದದ್ದು ಬೇರೆ. ಸರಾಸರಿ ಎಂಬುದು ಯಾರದೂ ಅಲ್ಲದ ನಾಲಿಗೆ. ಒಂದೇ ರುಚಿಯ ಸಣ್ಣ ಊರಿನಲ್ಲಿ ಅದು ಹೇಗೋ ನಡೆದೀತು. ನೂರು ರುಚಿಗಳ ನಗರದಲ್ಲಿ, ತಮ್ಮ ಜನಕ್ಕೆಂದೇ ಮನಸ್ಸಿಟ್ಟು ಅಡುಗೆ ಮಾಡುವವರಿಗೆ ಉಳಿದವರಿಂದ ಅಂಕ ಕಡಿಮೆ ಬೀಳುತ್ತದೆ. ಎಲ್ಲರಿಗೂ ಒಗ್ಗುವಂತೆ ಖಾರ ಇಳಿಸಿ, ಸಿಹಿ ಏರಿಸಿ, ವಾಸನೆ ಅಡಗಿಸಿದವರಿಗೆ ಹೆಚ್ಚು ಬೀಳುತ್ತದೆ.

ಹಾಗಾಗಿ ನಾನು ಹೊಗಳಿಕೆಗಳನ್ನು ಬಿಟ್ಟು ದೂರುಗಳನ್ನು ಓದತೊಡಗಿದೆ. ‘ಕಣ್ಣಲ್ಲಿ ನೀರು ಬಂತು’, ‘ವಾಸನೆ ವಿಚಿತ್ರ’, ‘ನಮ್ಮ ಭಾಷೆ ಯಾರಿಗೂ ಬರುವುದಿಲ್ಲ’, ‘ಪಕ್ಕದ ಮೇಜಿನಲ್ಲಿ ಮುದುಕರು ಜೋರಾಗಿ ಮಾತನಾಡುತ್ತಿದ್ದರು’. ಇವು ನನಗೆ ಆಮಂತ್ರಣ ಪತ್ರಿಕೆಗಳು. ‘ತಟ್ಟೆ ಜಿಡ್ಡಾಗಿತ್ತು’, ‘ತಿಂದ ರಾತ್ರಿ ಮೂವರಿಗೂ ಹೊಟ್ಟೆ ಕೆಟ್ಟಿತು’ ಎಂಬ ದೂರು ಮತ್ತೆ ಮತ್ತೆ ಕಂಡರೆ ಮಾತ್ರ ಆ ಕಡೆ ಸುಳಿಯುವುದಿಲ್ಲ. ಎರಡು, ಮೂರು ನಕ್ಷತ್ರ ಕೊಟ್ಟವರ ಮಾತಿಗೆ ಹೆಚ್ಚು ಬೆಲೆ ಕೊಡು. ಐದು ಕೊಟ್ಟವನು ಖುಷಿಯಲ್ಲಿರುತ್ತಾನೆ, ಒಂದು ಕೊಟ್ಟವನು ರೋಷದಲ್ಲಿರುತ್ತಾನೆ, ನಡುವಿನವನು ಕಾರಣ ಹೇಳುತ್ತಾನೆ.

ಒಮ್ಮೆ ಚೆಂದದ ಫೋಟೋಗಳಿಗೆ ಮರುಳಾಗಿ ಮೇಲ್ಛಾವಣಿಯ ಒಂದು ಹೋಟೆಲಿಗೆ ಹೋದೆ. ಕೆಳಗೆ ದೀಪಗಳ ಸಾಗರ, ಮೇಲೆ ತಂಗಾಳಿ, ಎದುರಿಗೆ ಬಾಡಿದ ಅಡುಗೆ. ಬಿಲ್ಲು ನೋಡಿದಾಗ ಅರ್ಥವಾಯಿತು, ನಾನು ಬಾಡಿಗೆ ಕಟ್ಟಲು ಬಂದಿದ್ದೆ! ಮುಖ್ಯರಸ್ತೆಯ ಮೂಲೆಗೆ, ನೋಟಕ್ಕೆ, ಪ್ರವಾಸಿಗಳ ದಾರಿಗೆ ಕೊಡುವ ಬಾಡಿಗೆ ತಟ್ಟೆಯಿಂದಲೇ ಹುಟ್ಟಬೇಕು. ಅಲ್ಲಿ ಒಮ್ಮೆ ಬಂದವರು ಮತ್ತೆ ಬರುವುದೂ ಇಲ್ಲ, ಬರಬೇಕೆಂಬ ಗರಜು ಮಾಲೀಕನಿಗೂ ಇಲ್ಲ. ಅದೇ ಬೀದಿಯಿಂದ ಎರಡು ಅಡ್ಡರಸ್ತೆ ಒಳಗೆ ಹೋದರೆ, ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ, ದಿನವೂ ಬರುವ ಗಿರಾಕಿಗಳನ್ನು ನಂಬಿಕೊಂಡವನು ಇರುತ್ತಾನೆ. ಒಂದು ವಾರ ಕೆಡಿಸಿದರೆ ಅವನ ಅಂಗಡಿ ಮುಚ್ಚುತ್ತದೆ. ಆ ಭಯ ನನಗೆ ನಕ್ಷತ್ರಕ್ಕಿಂತ ದೊಡ್ಡ ಭರವಸೆ.

ಹಾಗಾದರೆ ಹುಡುಕುವುದು ಎಲ್ಲಿ? ಹೊರಗಿನಿಂದ ಬಂದವರು ಒಂದೆಡೆ ನೆಲೆಸಿದರೆ ಅವರ ಹಿಂದೆಯೇ ದಿನಸಿ ಅಂಗಡಿ ಬರುತ್ತದೆ, ಊಟದ ಮನೆಯೂ ಬರುತ್ತದೆ. ಆ ದಿನಸಿ ಅಂಗಡಿಯವನನ್ನೇ ಕೇಳು. ‘ಇಲ್ಲಿ ಎಲ್ಲಿ ಚೆನ್ನಾಗಿದೆ’ ಎಂದರೆ ನಿನ್ನ ಮುಖ ನೋಡಿ ನಿನಗೆ ಸರಿಹೋಗುವ ಜಾಗ ಹೇಳುತ್ತಾನೆ. ‘ನೀವು ಎಲ್ಲಿ ಉಣ್ಣುತ್ತೀರಿ’ ಎಂದು ಕೇಳಬೇಕು. ಹೋದಮೇಲೆ ಬಡಿಸುವವನಿಗೂ ಇದೇ ಧಾಟಿಯ ಪ್ರಶ್ನೆ ಹಾಕು.

ಒಳಗೆ ಹೋದಾಗ ಎರಡು ಸಂಗತಿ ಗಮನಿಸು. ಖಾಲಿ ಹೋಟೆಲಿನಲ್ಲಿ ಇನ್ನೂರು ಬಗೆಯ ತಿನಿಸುಗಳ ಪಟ್ಟಿ ಇದ್ದರೆ ಅದರಲ್ಲಿ ಬಹುಪಾಲು ಫ್ರೀಜರಿನಲ್ಲಿದೆ ಎಂದೇ ನನ್ನ ಗುಮಾನಿ. ಇನ್ನೊಂದು, ಬಿಸಿ. ಬೇಯಿಸಿದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕು, ಕೋಣೆಯ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಉಷ್ಣಮಾಪಕ ಹಿಡಿದು ಹೋಗುವುದಿಲ್ಲ ನಿಜ, ಆದರೆ ಜನ ತುಂಬಿದ ಕಡೆ ಪಾತ್ರೆ ಬೇಗ ಖಾಲಿಯಾಗುತ್ತದೆ, ಒಲೆ ಆರುವುದಿಲ್ಲ.

ಸ್ನೇಹಿತರ ಗುಂಪು ಸೇರಿದಾಗ ಚರ್ಚೆ ಮುಗಿಯುವುದೇ ಇಲ್ಲ ಎಂದಿದ್ದೆ. ಯಾರ ಊಟಕ್ಕೆ ಕಟ್ಟುಪಾಡು ಹೆಚ್ಚೋ, ಯಾರಿಗೆ ಅಲರ್ಜಿಯೋ ಅವರೇ ಮೂರು ಜಾಗ ಹೇಳಲಿ, ಉಳಿದವರು ಎರಡನ್ನು ಹೊಡೆದುಹಾಕಲಿ. ಐದು ನಿಮಿಷದ ಕೆಲಸ.

ಮುಂದಿನ ತಿಂಗಳು ಎರಡು ದಿನಕ್ಕೆ ಅಲ್ಲಿಗೆ ಬರುತ್ತಿದ್ದೇನೆ. ನಿನ್ನ ಮನೆಯ ಕೆಳಗಿನ ಹೋಟೆಲಿಗೆ ನಾನು ಬರುವುದಿಲ್ಲ. ನಾವಿಬ್ಬರೂ ಹೆಸರೇ ಕೇಳಿರದ ಅಡುಗೆಯ ಜಾಗವೊಂದನ್ನು ನೀನೇ ಹುಡುಕಿಡು. ಕೆಟ್ಟದಾಗಿದ್ದರೆ ಬಿಲ್ಲು ನನ್ನದು. ಮೆಟ್ಟಿಲು ಬಹಳ ಇದ್ದರೆ ಮಾತ್ರ ಮೊದಲೇ ತಿಳಿಸು, ಮಂಡಿ ಈಚೆಗೆ ಹಟ ಹಿಡಿದಿದೆ.

ಇಂತಿ ನಿನ್ನ,
ಹಳೆಯ ಗೆಳೆಯ