ಸೌಮ್ಯಳ ಆಪರೇಷನ್ ಬಗ್ಗೆ ರಘುವಿಗೆ

ಮಂಡ್ಯ

ಚಿ. ರಘುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸೌಮ್ಯಳ ಗೀಳು ಕಾಯಿಲೆ (ಓಸಿಡಿ, ಬೇಡದ ಯೋಚನೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಯಾವ ಚಿಕಿತ್ಸೆಗೂ ಬಗ್ಗಲಿಲ್ಲ, ಡಿಬಿಎಸ್ ಅನ್ನುವ ಮೆದುಳಿನ ಆಪರೇಷನ್ ಮಾಡಿಸಿಬಿಡೋಣ, ಸಾಲವಾದರೂ ಚಿಂತೆಯಿಲ್ಲ ಎಂದಿದ್ದೀಯ. ತಂಗಿ ಮೇಲೆ ನಿನಗಿರುವ ಅಕ್ಕರೆ ನನಗೆ ಗೊತ್ತು. ಆದರೆ ಆ ಕಾಗದದಲ್ಲಿ ನೀನು ಏನಂದೆ, ಅಮ್ಮ ಏನಂದಳು ಎಲ್ಲಾ ಇದೆ. ಸೌಮ್ಯ ಏನಂದಳು ಅಂತ ಒಂದು ಸಾಲೂ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಈ ಡಿಬಿಎಸ್, ಅಂದರೆ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಏನು ಅಂತ ಸರಿಯಾಗಿ ತಿಳಿದುಕೊ. ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಮೆದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸುತ್ತಾರೆ. ಸಾಮಾನ್ಯವಾಗಿ ಎರಡೂ ಕಡೆ. ಆ ತಂತಿ ಚರ್ಮದ ಕೆಳಗೇ ಕುತ್ತಿಗೆ ಹಾದು ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಅಲ್ಲಿ ಪೇಸ್‌ಮೇಕರ್ ಥರದ ಬ್ಯಾಟರಿ ಪೆಟ್ಟಿಗೆ ಇಡುತ್ತಾರೆ. ಅದರಿಂದ ಸಣ್ಣ ಕರೆಂಟು ಸದಾ ಹೋಗುತ್ತಿರುತ್ತದೆ. ನಡುಕದ ಕಾಯಿಲೆಗೆ ಇದನ್ನು ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ 1987ರಲ್ಲಿ ಶುರು ಮಾಡಿದರು. ಗೀಳು ಕಾಯಿಲೆಗೆ ಮಾಡಿದ ಮೊದಲ ವರದಿ 1999ರಲ್ಲಿ ಬೆಲ್ಜಿಯಂನಿಂದ ಬಂತು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು ಅಂತ ನೀನೇ ಬರೆದಿದ್ದೀಯ. ನಿಜ. ಆದರೆ ಅದು ಎಲ್ಲರಿಗೂ ಕೊಟ್ಟ ಪೂರ್ತಿ ಒಪ್ಪಿಗೆ ಅಲ್ಲ. ಬೇರೆ ಯಾವ ದಾರಿಯೂ ಉಳಿಯದ ಕೆಲವೇ ಜನರಿಗಾಗಿ ಕೊಟ್ಟ ವಿನಾಯಿತಿ.

"ಮಾಡಿಸಿದರೆ ವಾಸಿ ಆಗುತ್ತೆ" ಎಂದು ನೀನು ಬರೆದ ಮಾತು ನನ್ನನ್ನು ಜಾಸ್ತಿ ಕಾಡಿತು. ಈ ಕಾಯಿಲೆಯನ್ನು ಡಾಕ್ಟರು 40 ಅಂಕದ ಪಟ್ಟಿ ಇಟ್ಟುಕೊಂಡು ಅಳೆಯುತ್ತಾರೆ. ಅಂಕ ನೂರಕ್ಕೆ 35ರಷ್ಟು ಇಳಿದರೆ ಚಿಕಿತ್ಸೆ ಹಿಡಿಯಿತು ಅಂತ ಲೆಕ್ಕ. ಅಂದರೆ 34 ಇದ್ದವರು 22ಕ್ಕೆ ಬಂದರೆ ಸಾಕು. ಡಿಬಿಎಸ್ ಮಾಡಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಷ್ಟು ಇಳಿಕೆ ಕಂಡಿದ್ದಾರೆ. ಏನೂ ಹಿಡಿಯದೆ ನರಳಿದವರಿಗೆ ಅದು ದೊಡ್ಡ ವಿಷಯವೇ. ಮನೆಯಿಂದ ಹೊರಗೆ ಬರಲಾಗದವರು ಕೆಲಸಕ್ಕೆ ಹೋಗುವಂತಾಗಬಹುದು. ಆದರೂ 22 ಅಂದರೆ ಕಾಯಿಲೆ ಇನ್ನೂ ಇದೆ, ಮಧ್ಯಮ ಮಟ್ಟದಲ್ಲಿದೆ. ಮಾರನೇ ದಿನವೇ ಹಳೇ ಸೌಮ್ಯ ಬಂದುಬಿಡುತ್ತಾಳೆ ಅಂತ ಅವಳಿಗೆ ಆಸೆ ಹುಟ್ಟಿಸಬೇಡ. ಕರೆಂಟನ್ನು ಹೊಂದಿಸುವುದಕ್ಕೇ ತಿಂಗಳುಗಟ್ಟಲೆ ಓಡಾಡಬೇಕು.

ಅಪಾಯವನ್ನೂ ಮುಚ್ಚಿಡಬೇಡ. ಮೆದುಳಿನಲ್ಲಿ ರಕ್ತ ಬರಬಹುದು. ಸೋಂಕಾದರೆ ತಂತಿ ತೆಗೆಯಬೇಕಾಗಬಹುದು. ಕೆಲವರಿಗೆ ವಿಪರೀತ ಹುರುಪು ಬಂದು ದುಡುಕುವುದೂ ಉಂಟು. ಬ್ಯಾಟರಿ ಮುಗಿದಾಗ ಮತ್ತೆ ಕೊಯ್ದು ಬದಲಾಯಿಸಬೇಕು. ಒಂದು ಒಳ್ಳೆಯ ವಿಷಯ ಇದೆ. ಮೆದುಳಿನ ಭಾಗವನ್ನು ಸುಡುವ ಹಳೇ ಆಪರೇಷನ್ನಿನ ಹಾಗಲ್ಲ, ಇದನ್ನು ಆಫ್ ಮಾಡಬಹುದು.

ಈಗ ಅಸಲು ಮಾತಿಗೆ ಬರುತ್ತೇನೆ. ಯಾವ ಚಿಕಿತ್ಸೆಗೂ ಬಗ್ಗಲಿಲ್ಲ ಅನ್ನುತ್ತೀಯಲ್ಲ, ನಿಜವಾಗಿ ಯಾವ ಚಿಕಿತ್ಸೆ ಆಗಿದೆ? ನಾನು ಮೈಸೂರಿನಲ್ಲಿ ವಾರ್ಡ್ ನರ್ಸ್ ಆಗಿದ್ದವಳು. ಈ ಕಾಯಿಲೆಗೆ ಮಾತ್ರೆಯ ಡೋಸು ಡಿಪ್ರೆಶನ್‌ಗಿಂತ ಜಾಸ್ತಿ ಬೇಕಾಗುತ್ತದೆ. ಆ ಪೂರ್ತಿ ಡೋಸನ್ನು ಸುಮಾರು 12 ವಾರ ಕೊಟ್ಟು ನೋಡಬೇಕು. ಒಂದು ಹಿಡಿಯದಿದ್ದರೆ ಇನ್ನೊಂದು, ಕ್ಲೋಮಿಪ್ರಮಿನ್ ಅನ್ನುವ ಮಾತ್ರೆ ಕೂಡ ನೋಡಬೇಕು. ಸೌಮ್ಯ ಎರಡು ಮಾತ್ರೆಯನ್ನು ನಿದ್ದೆ ಬರುತ್ತೆ ಅಂತ ಅರ್ಧಕ್ಕೇ ಬಿಟ್ಟಳಲ್ವಾ? ಇನ್ನು ಕೌನ್ಸೆಲಿಂಗ್‌ನಲ್ಲಿ ಧ್ಯಾನ ಮಾಡು, ಯೋಚನೆ ಬಿಡು ಅಂದರಂತೆ. ಯೋಚನೆ ಬಿಡಲು ಆಗಿದ್ದರೆ ಅವಳು ಅಲ್ಲಿಗೆ ಯಾಕೆ ಹೋಗುತ್ತಿದ್ದಳು? ಇದಕ್ಕೆ ಬೇಕಾದದ್ದು ಇಆರ್‌ಪಿ. ಭಯ ಹುಟ್ಟಿಸುವ ಸನ್ನಿವೇಶಕ್ಕೆ ಸ್ವಲ್ಪ ಸ್ವಲ್ಪವಾಗಿ ಒಡ್ಡಿಕೊಳ್ಳುವುದು, ಆಮೇಲೆ ಆ ತೊಳೆಯುವುದು, ಮತ್ತೆ ಮತ್ತೆ ನೋಡುವುದನ್ನು ಮಾಡದೆ ತಡೆದುಕೊಳ್ಳುವುದು.

ಅವಳ ವಿಷಯದಲ್ಲೇ ನೋಡು. ಶ್ರೀರಂಗಪಟ್ಟಣದಿಂದ ಸ್ಕೂಟರ್‌ನಲ್ಲಿ ಬರುವಾಗ ಯಾರಿಗೋ ಗುದ್ದಿಬಿಟ್ಟೆ ಅನ್ನಿಸುತ್ತದೆ. ಕಳಸ್ತವಾಡಿ ಹತ್ತಿರ ಗಾಡಿ ತಿರುಗಿಸಿ ನೋಡಿಕೊಂಡು ಬರುತ್ತಾಳೆ. ಆಮೇಲೆ ನಿನಗೆ ಫೋನು. ನೀನು "ಯಾರಿಗೂ ಏನೂ ಆಗಿಲ್ಲ ಕಣೇ" ಅನ್ನುತ್ತೀಯ. ಆ ಕ್ಷಣಕ್ಕೆ ಸಮಾಧಾನ, ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ನಿನ್ನ ಆ ಉತ್ತರವೂ ಗೀಳಿಗೆ ಹಾಕಿದ ಮೇವು, ರಘು. ಹಾಗಂತ ನಾಳೆಯೇ ಫೋನು ಎತ್ತಬೇಡ ಅನ್ನುತ್ತಿಲ್ಲ. ಥೆರಪಿ ಮಾಡುವವರ ಮುಂದೆ ಮೂವರೂ ಕೂತು, ಅವಳೂ ಒಪ್ಪಿ, ಹೇಗೆ ಕಡಿಮೆ ಮಾಡುವುದು ಅಂತ ಮಾತಾಡಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆ ಅಂತಲೇ ಕ್ಲಿನಿಕ್ ಇದೆ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗು.

ಅಲ್ಲಿ ಎಲ್ಲಾ ನೋಡಿ ಆದಮೇಲೂ ಅವರೇ ಡಿಬಿಎಸ್ ಅಂದರೆ ನಾನು ಅಡ್ಡ ಬರುವುದಿಲ್ಲ. ಆದರೆ ಹೂಂ ಅನ್ನಬೇಕಾದವಳು ಸೌಮ್ಯ. ಮಾನಸಿಕ ಕಾಯಿಲೆಗೆ ಮೆದುಳಿನ ಆಪರೇಷನ್ ಮಾಡಲು ರೋಗಿಯದೇ ಒಪ್ಪಿಗೆ ಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅಣ್ಣ ಸಹಿ ಹಾಕಿದರೆ ನಡೆಯುವುದಿಲ್ಲ. ಕಾನೂನು ಇರಲಿ ಬಿಡು. ಮನೆಯವರಿಗೆ ಭಾರವಾದೆ ಅಂದುಕೊಂಡು ಅವಳು ಹೂಂ ಅಂದರೂ ಅದು ಒಪ್ಪಿಗೆಯಲ್ಲ. ಬೇಡ ಅಂದರೆ ಮುಖ ಸಣ್ಣ ಮಾಡಬೇಡ.

ಅಲ್ಲಿಯವರೆಗೆ ಈಗಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸುವುದು ಬೇಡ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ.

ಭಾನುವಾರ ಇಬ್ಬರೂ ಬನ್ನಿ. ಹಳೇ ಚೀಟಿಗಳನ್ನೆಲ್ಲಾ ತನ್ನಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ ತೆಗೆದುಕೊಂಡಳು ಅಂತ ಒಂದು ಹಾಳೆಯಲ್ಲಿ ಬರೆದಿಡೋಣ, ನಿಮ್ಹಾನ್ಸ್‌ನಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ಈ ಪತ್ರವನ್ನು ಅವಳಿಗೂ ಓದಲು ಕೊಡು.

ನಿನ್ನ ದೊಡ್ಡಮ್ಮ